ಮದುವೆಯ ಊಟ: ಪ್ರಸಾದವೋ, ಪ್ರದರ್ಶನವೋ?



ಈ ಬೇಸಿಗೆಯಲ್ಲಿ ನಮ್ಮ ಮನೆಗೆ 14 ಲಗ್ನಪತ್ರಿಕೆಗಳು ಬಂದವು. ಎಲ್ಲವೂ ಲಿಂಗಾಯತರ ಮನೆಯವೇ. ಅವುಗಳಲ್ಲಿ 11ರ ನೆತ್ತಿಯ ಮೇಲೆ ಬಸವಣ್ಣನವರ ಚಿತ್ರವಿದೆ, ಕೆಳಗೆ 'ಓಂ ಶ್ರೀ ಗುರು ಬಸವಲಿಂಗಾಯ ನಮಃ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಸಂತೋಷ. 20 ವರ್ಷಗಳ ಹಿಂದೆ ನಮ್ಮ ಕಡೆ ಆ ಜಾಗದಲ್ಲಿ ಗಣಪತಿ ಇರುತ್ತಿದ್ದ. ಆದರೆ ಕಣ್ಣನ್ನು ನಾಲ್ಕು ಬೆರಳು ಕೆಳಗಿಳಿಸಿ ನೋಡಿ. ಶಾಲಿವಾಹನ ಶಕೆ, ಸಂವತ್ಸರ, ತಿಥಿ, ನಕ್ಷತ್ರ, ಅಭಿಜಿನ್ ಲಗ್ನ, ಎಲ್ಲವೂ ಹಿಂದಿದ್ದ ಹಾಗೆಯೇ ಇವೆ. ಪಂಚಾಂಗದವರ ಬಾಗಿಲು ತಟ್ಟಿಯೇ ದಿನ ಗೊತ್ತುಮಾಡಿದ್ದಾರೆ. ಒಳ್ಳೆಯ ದಿನ, ಕೆಟ್ಟ ದಿನ ಎಂಬುದೇ ಇಲ್ಲವೆಂದ ಮಹಾನುಭಾವರನ್ನು ಮೇಲೆ ಕೂರಿಸಿ, ಅವರ ಪಾದದ ಬುಡದಲ್ಲೇ ರಾಹುಕಾಲ ತಪ್ಪಿಸಿದ ಗಳಿಗೆಯನ್ನು ಬರೆದಿದ್ದೇವೆ. ಬಸವಣ್ಣನವರು ಈಗ ನಮ್ಮ ಪತ್ರಿಕೆಯ ಅಲಂಕಾರದ ಸಾಮಾನು.

ಪತ್ರಿಕೆಯ ಮಾತು ಬಂದಿತು, ಅದನ್ನೇ ಪೂರ್ತಿ ಮಾಡುತ್ತೇನೆ. ಒಂದು ಪತ್ರಿಕೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದಿತ್ತು. ಒಳಗೆ ಗೋಡಂಬಿ, ದ್ರಾಕ್ಷಿ, ನಾಲ್ಕು ದಪ್ಪ ಹಾಳೆ: ಹಳದಿಗೊಂದು, ಸಂಗೀತಕ್ಕೊಂದು, ಮದುವೆಗೊಂದು, ಆರತಕ್ಷತೆಗೊಂದು. ಅಂಥದ್ದಕ್ಕೆ ಏನು ಬೆಲೆ ಎಂದು ನಮ್ಮೂರ ಅಚ್ಚಿನ ಮನೆಯಲ್ಲಿ ವಿಚಾರಿಸಿದೆ. ಒಂದಕ್ಕೆ 60 ರೂಪಾಯಿ. 1200 ಹಂಚಿದರೆ 72,000. ಒಂದೇ ಹಾಳೆಯ ಸಾದಾ ಪತ್ರಿಕೆ 5 ರೂಪಾಯಿಗೆ ಆಗುತ್ತದೆ, ಅಂದರೆ 6,000. ಉಳಿಯುವ 66,000 ರೂಪಾಯಿಯಲ್ಲಿ ಏನೇನು ಮಾಡಬಹುದಿತ್ತು ಎಂದು ನಾನು ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಹಲವು ಪತ್ರಿಕೆಗಳಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಆಮಂತ್ರಣ ಪತ್ರಿಕೆಗೆ ಅದನ್ನು ಸುತ್ತುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಸಿಹಿ ತಿಂಡಿಯ ಡಬ್ಬಿಗೂ ಅದೇ ನಿಯಮ. ಕಾನೂನೂ ಇಲ್ಲ, ಧರ್ಮವೂ ಇಲ್ಲ, ಹೊಳಪೊಂದು ಇದ್ದರೆ ಸಾಕು.

ಆದರೆ ನನ್ನ ಹೊಟ್ಟೆ ಉರಿದದ್ದು ಹೊಳಪಿಗಲ್ಲ. ಆ 14ರಲ್ಲಿ 2 ಪತ್ರಿಕೆಗಳು ತಂದೆ ತೀರಿಕೊಂಡ ಮನೆಯವು. ಎರಡರಲ್ಲೂ ಆಮಂತ್ರಿಸುವವರ ಜಾಗದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಹೆಸರಿದೆ. ಹೆತ್ತ ತಾಯಿಯ ಹೆಸರು ಎಲ್ಲಿಯೂ ಇಲ್ಲ! ಸುಖಾಗಮನ ಬಯಸುವವರ ಪಟ್ಟಿಯಲ್ಲಿ 60 ಜನರಿದ್ದಾರೆ, ಎರಡು ವರ್ಷದ ಕೂಸುಗಳೂ ಇವೆ. ಹೊಲಿಗೆ ಹಾಕಿ, ಹೊಲ ಮಾಡಿ ಮಗಳನ್ನು ಓದಿಸಿದ ಅವ್ವ ಇಲ್ಲ. ಗಂಡ ಸತ್ತವಳ ಹೆಸರು ಮಂಗಲ ಕಾರ್ಯದ ಪತ್ರಿಕೆಯಲ್ಲಿ ಬರಬಾರದೆಂದು ಯಾವ ಶರಣರು ಹೇಳಿದರು? ಸೂತಕವನ್ನೇ ಒಪ್ಪದ ಧರ್ಮ ನಮ್ಮದು. ಕೊರಳಲ್ಲಿ ಇಷ್ಟಲಿಂಗವಿರುವವಳು ಅಮಂಗಳೆಯಾಗುವುದು ಹೇಗೆ? ಅಕ್ಕನ ಬಳಗದ ನಾವು ಈ ಪ್ರಶ್ನೆಯನ್ನು ಒಂದು ಮನೆಗೆ ಹೋಗಿಯೇ ಕೇಳಿದೆವು. 'ನೀವು ಹೇಳೂದು ಖರೇ ಐತ್ರಿ ಅಕ್ಕಾರ, ಆದ್ರ ಬೀಗರು ಏನಂತಾರೋ' ಎಂದರು. ಬೀಗರನ್ನು ಕೇಳಿದರೆ ಅವರೂ ಇದನ್ನೇ ಅಂದಾರು.

ಇನ್ನು ಊಟ. ನಮ್ಮ ಕಡೆ ಮದುವೆಯ ಊಟವೆಂದರೆ ಗೋಧಿ ಹುಗ್ಗಿ ಅಥವಾ ಬುಂದಿ, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಅನ್ನ ಸಾರು, ಮಜ್ಜಿಗೆ. ಓಣಿಯ ಹೆಣ್ಣುಮಕ್ಕಳು ವಾರ ಮೊದಲೇ ಕೂಡಿ ಕಡಕ್ ರೊಟ್ಟಿ ಬಡಿದಿಡುತ್ತಿದ್ದರು. ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಬಡಿಸುವವರು ಕೇಳಿ ಕೇಳಿ ನೀಡುತ್ತಿದ್ದರು, ಸಾಕೆಂದರೆ ನಿಲ್ಲಿಸುತ್ತಿದ್ದರು. ಈಗ? ಮೊನ್ನೆ ಒಂದು ಆರತಕ್ಷತೆಯಲ್ಲಿ ಪದಾರ್ಥಗಳನ್ನು ಎಣಿಸಿದೆ, 43 ಇದ್ದವು. ಗೋಬಿ ಮಂಚೂರಿ, ಪಾನಿಪುರಿ, ನೂಡಲ್ಸ್, ಮೂರು ಬಗೆಯ ಪನ್ನೀರು, ನಾಲ್ಕು ಬಗೆಯ ಐಸ್‌ಕ್ರೀಮು. ಜೋಳದ ರೊಟ್ಟಿಗೆ ಒಂದು ಮೂಲೆಯಲ್ಲಿ ಗುಡಿಸಲು ಕಟ್ಟಿ, ಇಳಕಲ್ಲ ಸೀರೆ ಉಡಿಸಿದ ಒಬ್ಬ ತಾಯಿಯನ್ನು ಒಲೆಯ ಮುಂದೆ ಕೂರಿಸಿ, 'ಹಳ್ಳಿ ಸೊಗಡು' ಎಂದು ಫಲಕ ಹಾಕಿದ್ದರು. ನಮ್ಮ ನಿತ್ಯದ ಅನ್ನ ನಮಗೇ ತೋರಿಕೆಯ ವಸ್ತುವಾಯಿತು.

ಆ ಮನೆಯವರದು 6 ಎಕರೆ ಎರೆಹೊಲ, ಮಳೆಯನ್ನೇ ನಂಬಿದ್ದು. ಕೇಟರಿಂಗಿನವರಿಗೆ ತಟ್ಟೆಗೆ 400 ರೂಪಾಯಿಯಂತೆ 1200 ತಟ್ಟೆಗೆ ಮಾತಾಗಿತ್ತು, 4,80,000 ರೂಪಾಯಿ. ಬಂದವರು 850. ಬಾರದ 350 ಜನರ ಊಟಕ್ಕೂ 1,40,000 ಕೊಡಲೇಬೇಕಾಯಿತು. ಆ ಅಡುಗೆ ಎಲ್ಲಿ ಹೋಯಿತೆಂದು ರಾತ್ರಿ ಹನ್ನೊಂದಕ್ಕೆ ಕಲ್ಯಾಣ ಮಂಟಪದ ಹಿಂದೆ ಹೋಗಿ ನೋಡಿದವರಿಗೆ ಗೊತ್ತು. ಸಾಲ ಹೊಲದ ಮೇಲಿದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ತಾಯಿಯನ್ನು ನೆನೆಯದೆ ಹೇಗಿರಲಿ? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಸಲ್ಲದು, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದ ತಾಯಿ ಆಕೆ. ಬಡತನದಲ್ಲಿ ಅಳತೆ ತಪ್ಪಲಿಲ್ಲ. ಸಾಲದಲ್ಲಿ ಮುಳುಗಿದ ನಾವು ಅಳತೆಯನ್ನೇ ಅವಮಾನವೆಂದು ತಿಳಿದಿದ್ದೇವೆ. ಅಂದಹಾಗೆ, ಅಕ್ಷತೆಯೆಂದು ಕಿಲೋಗಟ್ಟಲೆ ಅಕ್ಕಿಯನ್ನು ವಧೂವರರ ತಲೆಯ ಮೇಲೆ ಎಸೆದು ಕಾಲಲ್ಲಿ ತುಳಿಯುವುದು ಇನ್ನೂ ನಿಂತಿಲ್ಲ; ಹೂವಿನ ಎಸಳು ಸಾಲದೇ?

ಪ್ರಸಾದವೆಂಬ ಮಾತಿಗೆ ನಮ್ಮಲ್ಲಿ ಅರ್ಥವಿದೆ. ಮಠದಲ್ಲಿ ಉಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಅಗುಳು ಬಿಡುವಂತಿಲ್ಲ, ತಾಟನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಅದೇ ಮನೆಯ ಮೊಮ್ಮಗನ ಆರತಕ್ಷತೆಯಲ್ಲಿ, ಅರ್ಧ ಕಚ್ಚಿದ ಜಾಮೂನು ತಟ್ಟೆಯ ಸಮೇತ ಬುಟ್ಟಿಗೆ ಬೀಳುತ್ತದೆ. ಆ ಅಜ್ಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಾನೆ, ಏನೂ ಹೇಳುವುದಿಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ಮಂಟಪದಲ್ಲಿ ಈಗ ಗಣ್ಯರಿಗೆ ಬೇರೆ ಊಟದ ಕೋಣೆ. ಶಾಸಕರು, ಅಧಿಕಾರಿಗಳು, ಗುತ್ತಿಗೆದಾರರು ಅಲ್ಲಿ. ಮಂದಿ ಹೊರಗೆ ಸಾಲಿನಲ್ಲಿ. ಎಂಜಲು ಎತ್ತುವ, ಪಾತ್ರೆ ತಿಕ್ಕುವ ಹೆಣ್ಣುಮಕ್ಕಳು ಎಲ್ಲರದೂ ಮುಗಿದ ಮೇಲೆ ಹಿತ್ತಲಿನಲ್ಲಿ, ನಿಂತು, ಉಳಿದದ್ದನ್ನು. ಪಂಕ್ತಿಭೇದ ಮುರಿಯಲೆಂದೇ ಹುಟ್ಟಿದ ಧರ್ಮದ ಮದುವೆಯಲ್ಲಿ ಮೂರು ಪಂಕ್ತಿ! ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತೆಂದು ಕಲ್ಯಾಣದಲ್ಲಿ ಅವರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಯಾರು ಯಾರೊಡನೆ ಕೂಡಬೇಕು, ಕೂತು ಉಣ್ಣಬೇಕು ಎಂಬುದಕ್ಕೆ ಆ ಶರಣರು ಪ್ರಾಣ ಕೊಟ್ಟರು. ನಾವು ಆ ಹೆಸರು ಹೇಳಿಕೊಂಡು ಒಳಪಂಗಡ ನೋಡಿಯೇ ಹೆಣ್ಣು ತರುತ್ತೇವೆ, ಐಸ್‌ಕ್ರೀಮು ಎಷ್ಟು ಬಗೆ ಎಂಬುದರಲ್ಲಿ ಮಾತ್ರ ಕ್ರಾಂತಿ ಮಾಡುತ್ತೇವೆ.

ಪಾನೀಯದ ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಪಾನಕ, ಮಜ್ಜಿಗೆಯ ಜಾಗಕ್ಕೆ ಬಣ್ಣಬಣ್ಣದ ಮಾಕ್‌ಟೇಲ್ ಬಂದಿದೆ. ಸಾರಾಯಿ ಇಲ್ಲವಲ್ಲ ಎನ್ನುತ್ತಾರೆ. ಇಲ್ಲ ನಿಜ, ಆದರೆ ಗ್ಲಾಸು ಅದರದು, ಹೆಸರು ಅದರದು, ಹಿಡಿಯುವ ಠೀವಿಯೂ ಅದರದೇ. ಹತ್ತು ವರ್ಷದ ಹುಡುಗನಿಗೆ ಅಭ್ಯಾಸ ಮಾಡಿಸುತ್ತಿದ್ದೇವೆ, ಅಷ್ಟೆ. ದೊಡ್ಡವರಿಗೆ ಅದೂ ಬೇಕಿಲ್ಲ. ಪೂಜ್ಯರು ಎಂಟು ಗಂಟೆಗೆ ಆಶೀರ್ವಚನ ಮುಗಿಸಿ ಹೊರಡುತ್ತಾರೆ, ಒಂಬತ್ತಕ್ಕೆ ಗಾಡಿಗಳ ಡಿಕ್ಕಿ ತೆರೆಯುತ್ತವೆ. ಮಂಟಪದಲ್ಲಿ ಮದ್ಯ ಹಂಚಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ತಾತ್ಕಾಲಿಕ ಪರವಾನಗಿ ಬೇಕು. ಡಿಕ್ಕಿಗೆ ಅದನ್ನೂ ಕೇಳುವವರಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಹಣ ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಆ ಜೋಳಿಗೆಗೆ ಹಾಕಿದ್ದನ್ನು ನಮ್ಮ ಮಂದಿ ಮದುವೆಯ ದಿನ ವಾಪಸು ತೆಗೆದುಕೊಳ್ಳುತ್ತಿದ್ದಾರೆ.

ನನಗೆ ಬರುವ ಉತ್ತರಗಳು ಗೊತ್ತು. 'ಒಬ್ಬಳೇ ಮಗಳು, ಒಂದೇ ಸಲ.' ಒಂದೇ ಸಲದ ಸಂತೋಷಕ್ಕೆ ಹತ್ತು ವರ್ಷದ ಬಡ್ಡಿ ಕಟ್ಟುವವರು ಯಾರು? 'ಅಡುಗೆಯವರ, ಅಚ್ಚಿನವರ ಕಾಯಕ ನಡೆಯಬೇಡವೇ?' ನಡೆಯಲಿ. ಎಂಟು ಪದಾರ್ಥ ಮಾಡುವವರೂ ಅಡುಗೆಯವರೇ. ಸಾದಾ ಪತ್ರಿಕೆ ಅಚ್ಚು ಹಾಕುವುದೂ ಕಾಯಕವೇ. ಬಾಡಿಗೆಗೆ ಬಂದ ಹುಡುಗರಿಗೆ ಇಡೀ ರಾತ್ರಿಗೆ ಎಷ್ಟು ಕೊಡುತ್ತಾರೆಂದು ಗುತ್ತಿಗೆದಾರರನ್ನು ಕೇಳಿ ನೋಡಿ, ಆಮೇಲೆ ಕಾಯಕದ ಮಾತಾಡೋಣ. 'ನಮ್ಮ ರೊಕ್ಕ, ನಮ್ಮ ಇಷ್ಟ.' ಇದಕ್ಕೆ ಮಾತ್ರ ಉತ್ತರ ಕಷ್ಟ, ಏಕೆಂದರೆ ಹೀಗೆ ಹೇಳುವವರು ದಾಸೋಹವೆಂಬ ಮಾತನ್ನೇ ಮರೆತಿದ್ದಾರೆ. ಉಳ್ಳವರ ಮನೆಯ 43 ಪದಾರ್ಥ ಇಲ್ಲದವರ ಮನೆಯ ಮೇಲೆ ಬೀಳುವ ಹೊರೆ. 6 ಎಕರೆಯ ಆ ಮನೆಯವರು ಯಾರನ್ನು ನೋಡಿ ಕಲಿತರು?

ಜಿಪುಣತನ ಮಾಡಿ ಎಂದು ನಾನು ಹೇಳುತ್ತಿಲ್ಲ. ಬಂದವರೆಲ್ಲ ಹೊಟ್ಟೆ ತುಂಬ ಉಣ್ಣಲಿ. ಒಂದು ಸಿಹಿ, ರೊಟ್ಟಿ, ಎರಡು ಪಲ್ಯ, ಅನ್ನ ಸಾರು, ಮಜ್ಜಿಗೆ. ರೊಟ್ಟಿಯಿದ್ದ ಊಟಕ್ಕೆ ಕಿಲೋ ಅಕ್ಕಿ ಹತ್ತು ಹನ್ನೆರಡು ಜನಕ್ಕೆ ಆಗುತ್ತದೆಂಬುದು ಅಡುಗೆ ಮಾಡಿದ ನಮಗೆ ಗೊತ್ತು. ಗೊತ್ತಿಲ್ಲದ್ದು ಎಷ್ಟು ಜನ ಬರುತ್ತಾರೆ ಎಂಬುದು. ಸಿದ್ಧಗಂಗೆಯಲ್ಲಿ ನಿತ್ಯ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಉಣ್ಣುವವರ ಲೆಕ್ಕ ಅಡುಗೆಮನೆಗೆ ಗೊತ್ತಿರುತ್ತದೆ. ಹಾಗಾಗಿ ಪತ್ರಿಕೆಯ ಕೊನೆಗೆ 'ಎಷ್ಟು ಮಂದಿ ಬರುವಿರೆಂದು ವಾರ ಮೊದಲು ತಿಳಿಸಿ' ಎಂಬ ಸಾಲು ಹಾಕಿ. ಕರೆದು ಲೆಕ್ಕ ಕೇಳುತ್ತಾರೆಂದು ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಪೂಜ್ಯರಲ್ಲಿಯೂ ಒಂದು ಬಿನ್ನಹ. ತಮ್ಮ ಹೆಸರು 'ದಿವ್ಯ ಸಾನ್ನಿಧ್ಯ' ಎಂದು ಅಚ್ಚಾಗುವ ಮೊದಲು ಆ ಪತ್ರಿಕೆಯ ಕರಡನ್ನು ತರಿಸಿ ನೋಡಬೇಕು. ತಾಯಿಯ ಹೆಸರಿದೆಯೇ, ಊಟಕ್ಕೆ ಒಂದೇ ಪಂಕ್ತಿಯೇ, ಎಷ್ಟು ಪದಾರ್ಥ, ಎಂದು ಕೇಳಿಯೇ ದಿನ ಕೊಡಬೇಕು. ಹೊರಡುವ ಮೊದಲು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುವವರು ಉಂಡರೇ ಎಂದು ವಿಚಾರಿಸಬೇಕು. ನಾವು ನೂರು ಸಲ ಹೇಳಿದ್ದು ತಾವು ಒಂದು ಸಲ ಕೇಳಿದರೆ ಆಗುತ್ತದೆ.

ನಮ್ಮ ಅಕ್ಕನ ಬಳಗದಲ್ಲಿ 400 ಸ್ಟೀಲು ತಾಟು, ಅಷ್ಟೇ ಲೋಟ, ಎರಡು ದೊಡ್ಡ ಹಂಡೆ ಕೂಡಿಸಿ ಮಠದ ದಾಸೋಹ ಕೋಣೆಯಲ್ಲಿ ಇಟ್ಟಿದ್ದೇವೆ. ಯಾವ ಒಳಪಂಗಡದವರಾಗಲಿ, ಯಾವ ಜಾತಿಯವರಾಗಲಿ, ಮದುವೆಗೆ ಒಯ್ಯಬಹುದು. ಬಾಡಿಗೆ ಇಲ್ಲ. ಬೆಳಗಿ ತಂದು ಎಣಿಸಿ ಕೊಡಬೇಕು, ಅಷ್ಟೆ.