ಅಬ್ಬರದ ಸಂಗೀತಕ್ಕೆ ಸಿಟ್ಟು ಇಳಿಯುವುದೇ?

ಮಗನ ಕೋಣೆಯಿಂದ ಹೆವಿ ಮೆಟಲ್ ಕೇಳಿಬಂದರೆ ತಂದೆ-ತಾಯಿಗೆ ಮೊದಲು ಬರುವ ಅನುಮಾನ, ಈ ಕಿರುಚಾಟ ಕೇಳಿ ಕೇಳಿ ಹುಡುಗನೂ ಮುಂಗೋಪಿಯಾದಾನೇನೋ ಎಂಬುದು. ಅದು ಸಹಜವೇ. ಆಂಪ್ಲಿಫೈಯರ್ ತಾಳಲಾರದಷ್ಟು ಗಿಟಾರಿನ ದನಿಯನ್ನು ಏರಿಸಿದಾಗ ಅಲೆಗಳ ತುದಿ ಕತ್ತರಿಸಿದಂತಾಗಿ, ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ದನಿ ಗರಗಸದಂತೆ ಒರಟಾಗುತ್ತದೆ. ಮನುಷ್ಯನ ಚೀತ್ಕಾರದಲ್ಲೂ ಒರಟುತನವಿದೆ. ಕೇಳಿದವರು ಬೆಚ್ಚಿದರೆ ಆಶ್ಚರ್ಯವಿಲ್ಲ.

ಆದರೆ ಅಭಿಮಾನಿಗಳ ಮನಸ್ಸಿನಲ್ಲಿ ಆಗುವುದೇ ಬೇರೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶರ್ಮನ್ ಮತ್ತು ಜೆನಿವೀವ್ ಡಿಂಗಲ್ ತಮ್ಮ ಪ್ರಯೋಗವೊಂದನ್ನು 2015ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದವರು 18ರಿಂದ 34 ವರ್ಷದ 39 ಮಂದಿ, ಎಲ್ಲರೂ ಇಂಥ ಸಂಗೀತದ ರೂಢಿಯುಳ್ಳವರು. ಸಿಟ್ಟು ತರಿಸಿದ ಪ್ರಸಂಗಗಳನ್ನು 16 ನಿಮಿಷ ನೆನಪಿಸಿ ಅವರನ್ನು ಕೆರಳಿಸಲಾಯಿತು. ಬಳಿಕ ಒಂದು ಗುಂಪು 10 ನಿಮಿಷ ತನಗಿಷ್ಟವಾದ ಸಂಗೀತ ಕೇಳಿತು. ಇನ್ನೊಂದು ಸುಮ್ಮನೆ ಕುಳಿತಿತು. ಕೇಳಿದವರ ಎದೆಬಡಿತ ಇಳಿಯಲಿಲ್ಲ, ನಿಜ. ಆದರೆ ಹಗೆ, ಕಿರಿಕಿರಿ ಎರಡೂ ಸುಮ್ಮನೆ ಕುಳಿತವರಂತೆಯೇ ಇಳಿದವು. ಜೊತೆಗೆ ಹುರುಪೂ ಬಂದಿತ್ತು. ಅಂದಹಾಗೆ, ಈ ಸಂಗೀತವನ್ನು ಮೆಚ್ಚದ ಅಪ್ಪನನ್ನು ಅಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತೋ, ಆ ಪ್ರಯೋಗ ಹೇಳುವುದಿಲ್ಲ!

ಪಾಲಕರು ನಿಜವಾಗಿ ವಿಚಾರಿಸಬೇಕಾದ್ದು ಮಗನ ಕಿವಿಯನ್ನು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆಟಲ್ ಆಗಲಿ, ಭಜನೆಯಾಗಲಿ, ಅವಕ್ಕೆ ಎರಡೂ ಒಂದೇ. ಬಳಕೆಯಲ್ಲಿರುವ ಲೆಕ್ಕವೊಂದರ ಪ್ರಕಾರ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ, ಎಂದರೆ ಮೂರು-ನಾಲ್ಕು ಹಾಡು.