ಹೆಬ್ಬಾತುಗಳೂ ಕಡಲೆ ಹೊಲವೂ
ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯತೊಡಗುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳಿವು. ಹಗಲೆಲ್ಲ ನೀರಿನಲ್ಲಿ ದಣಿವಾರಿಸಿಕೊಂಡು, ಕತ್ತಲಾಗುತ್ತಲೇ ಸುತ್ತಲಿನ ಹಿಂಗಾರಿ ಹೊಲಗಳಿಗೆ ಮೇಯಲು ಹೊರಡುತ್ತವೆ. ತಾಳ್ಮೆಯಿಂದ ನೋಡಿದರೆ ಚಕ್ರವಾಕಗಳೂ ಕಾಣಸಿಗುತ್ತವೆ. 2024ರಲ್ಲಿ ಕೆರೆಗೆ ರಾಮ್ಸಾರ್ ಮಾನ್ಯತೆ ದೊರೆತದ್ದು ನಾಡಿಗೇ ಹೆಮ್ಮೆ.

ಆದರೆ ಈ ಹಕ್ಕಿಗಳಿಗೆ ನಿಜವಾಗಿ ಊಟವಿಕ್ಕುತ್ತಿರುವವರು ಅಲ್ಲಿನ ಕಡಲೆ, ಶೇಂಗಾ ಬೆಳೆಗಾರರು. ಹೆಬ್ಬಾತು ಮೇಯ್ದ ಬೆಳೆಗೆ ಪರಿಹಾರ ಅದೇ ಹಂಗಾಮಿನಲ್ಲಿ ಅವರ ಕೈಸೇರಬೇಕು. ರೈತರ ಸಹನೆಯೊಂದನ್ನೇ ನೆಚ್ಚಿಕೊಂಡು ಸಂರಕ್ಷಣೆ ಬಹುಕಾಲ ನಡೆಯದು. ನೋಡಲು ಹೋಗುವವರು ಕೆರೆ ಏರಿಯ ಮೇಲೆಯೇ ನಿಲ್ಲಲಿ. ಡ್ರೋನ್ ಹಾರಾಟವನ್ನಂತೂ ಅರಣ್ಯ ಇಲಾಖೆ ಮಾರ್ಚ್‌ವರೆಗೆ ಪೂರ್ತಿ ತಡೆಯಲಿ.