ಜನ ಏನಂದುಕೊಂಡಾರು?

‘ನಾಲ್ಕು ಜನ ಏನಂತಾರೆ’ ಎಂಬ ಅಂಜಿಕೆ ನಮ್ಮ ಮನೆಗಳದ್ದು ಮಾತ್ರ ಎಂದುಕೊಂಡವರು ಅಮೆರಿಕದ ಡಿಸಿ ಟಾಕ್ ತಂಡದ ‘ಜೀಸಸ್ ಫ್ರೀಕ್’ ಹಾಡನ್ನು ಒಮ್ಮೆ ಕೇಳಬೇಕು. 1995ರಲ್ಲಿ ಬಂದ ಈ ಕ್ರೈಸ್ತ ರಾಕ್ ಗೀತೆಗೆ ‘ನಂಬಿಕೆಯ ರಣಘೋಷ’ ಎಂಬ ಖ್ಯಾತಿ ಇದೆ. ಕಿವಿಗೊಟ್ಟು ಕೇಳಿದರೆ ಅದರ ಪಲ್ಲವಿ ಹೊರಡುವುದು ಘೋಷಣೆಯಿಂದಲ್ಲ, ತನ್ನ ಭಕ್ತಿ ಊರಿಗೆಲ್ಲ ಗೊತ್ತಾದರೆ ಗತಿಯೇನು ಎಂಬ ದಿಗಿಲಿನಿಂದ.

ತಂಡದ ಟೋಬಿ ಮೆಕೀಹನ್, ಮೈಕಲ್ ಟೇಟ್, ಕೆವಿನ್ ಮ್ಯಾಕ್ಸ್ ಮೂವರೂ ಜೊತೆಯಾದದ್ದು ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ. ಅದನ್ನು ಕಟ್ಟಿದವರು ಬಲಪಂಥದ ಹೆಸರಾಂತ ಕ್ರೈಸ್ತ ಬೋಧಕ ಜೆರ್ರಿ ಫಾಲ್ವೆಲ್. ಮೊದಲು ರ‍್ಯಾಪ್ ಹಾಡುತ್ತಿದ್ದ ಹುಡುಗರು ಈ ಹಾಡಿಗೆ ಗ್ರಂಜ್ ಎಂಬ ರಾಕ್ ಶೈಲಿಯ ಒರಟು ಗಿಟಾರ್ ಹಿಡಿದರು. ‘ನಿರ್ವಾಣ’ದಂಥ ಗ್ರಂಜ್ ತಂಡಗಳ ಗುಂಗಿನಲ್ಲಿದ್ದ ಆ ಕಾಲದ ಹರೆಯದವರಿಗೆ ಅದು ತಮ್ಮದೇ ಸದ್ದು. ರಾಕ್ ಎಂದರೆ ಸೈತಾನನ ಸಂಗೀತ ಎನ್ನುತ್ತಿದ್ದ ಪಾದ್ರಿಗಳ ಮಕ್ಕಳೂ ಅದನ್ನು ಕೇಳಿರಬೇಕು.

ಸಾಹಿತ್ಯವೂ ಭಜನೆಯ ಧಾಟಿಯದಲ್ಲ. ಮೊದಲ ಚರಣದಲ್ಲಿ ಡೊಳ್ಳುಹೊಟ್ಟೆಯ ಒಬ್ಬ ಬರುತ್ತಾನೆ. ಹೊಟ್ಟೆಯ ಮೇಲೆ ಯೇಸುವಿನ ಹೆಸರಿನ ಹಸಿರು ಹಚ್ಚೆ. ಹೊಟ್ಟೆ ಕುಲುಕಿದಂತೆ ಅಕ್ಷರಗಳೂ ಕುಲುಕುತ್ತವೆ. ಓದಬೇಕೆಂದರೆ ನೋಡುವವನು ತನ್ನ ತಲೆಯನ್ನೂ ಅದೇ ತಾಳಕ್ಕೆ ಆಡಿಸಬೇಕು! ಪೇಟೆಯ ನಡುವೆ ಪೆಟ್ಟಿಗೆ ಹತ್ತಿ ನಿಂತು ಸಾರುವ ಈ ಆಸಾಮಿಯನ್ನು ಕಂಡು ಯಾರಿಗಾದರೂ ನಗು ಬರುತ್ತದೆ. ಮುಂದಿನ ಚರಣದಲ್ಲಿ ಬೈಬಲಿನ ಪ್ರವಾದಿ, ಮರುಭೂಮಿಯ ಸ್ನಾನಿಕ ಯೋಹಾನ. ಅವನನ್ನು ಕಂಡವರೂ ನಕ್ಕಿರಬಹುದು. ಕೊನೆಗೆ ಅರಸ ಹೆರೋದನ ಅಪ್ಪಣೆಯಂತೆ ಅವನ ತಲೆ ಹೋಯಿತು. ನಗೆಪಾಟಲಾದವನನ್ನೂ ತಲೆ ಕೊಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಈ ಹಾಡಿನ ಜಾಣತನ. ನನ್ನ ಮಟ್ಟಿಗೆ ಹಾಡಿನ ಜೀವ ಇರುವುದೇ ಇಲ್ಲಿ.

ಹಾಡಿನ ಶೀರ್ಷಿಕೆಯಲ್ಲಿರುವ ‘ಜೀಸಸ್ ಫ್ರೀಕ್’, ಅಂದರೆ ಯೇಸುವಿನ ಹುಚ್ಚ, ಎಂಬ ಬೈಗುಳ ಹಳೆಯದು. 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಯೇಸುವಿನ ಕಡೆಗೆ ತಿರುಗಿದ ಹಿಪ್ಪಿಗಳನ್ನು ಜನ ಹೀಗೆ ಹಂಗಿಸುತ್ತಿದ್ದರು. ಅವರು ಅದನ್ನೇ ಬಿರುದು ಮಾಡಿಕೊಂಡರು. 1971ರ ಜೂನ್‌ನಲ್ಲಿ ‘ಟೈಮ್’ ಪತ್ರಿಕೆ ಈ ಚಳವಳಿಗೆ ಮುಖಪುಟವನ್ನೇ ಕೊಟ್ಟಿತು.

ಆದರೆ 1995ರ ಅಮೆರಿಕದಲ್ಲಿ ಕ್ರೈಸ್ತನೆಂದು ಹೇಳಿಕೊಳ್ಳಲು ಎಂಥ ಧೈರ್ಯ ಬೇಕಿತ್ತು? ಅಧ್ಯಕ್ಷರು ಪ್ರಮಾಣವಚನಕ್ಕೆ ಬೈಬಲ್ ಮುಟ್ಟುವ ದೇಶ ಅದು. ಹಾಡಿನ ಹೆಸರಿನದೇ ಆಲ್ಬಮ್ ಬಂದ ಕೂಡಲೇ ಬಿಲ್‌ಬೋರ್ಡ್ ಪಟ್ಟಿಯ 16ನೇ ಸ್ಥಾನಕ್ಕೆ ಏರಿತು, ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು, ಗ್ರ್ಯಾಮಿ ಪ್ರಶಸ್ತಿಯನ್ನೂ ಗೆದ್ದಿತು. ಇದನ್ನು ಹಿಂಸೆಗೊಳಗಾದವರ ಕೂಗು ಎನ್ನಲು ನಾಲಗೆ ಏಳುವುದಿಲ್ಲ. 1999ರಲ್ಲಿ ತಂಡದವರು ಇದೇ ಹೆಸರಿನಲ್ಲಿ ಹುತಾತ್ಮರ ಕಥೆಗಳ ಪುಸ್ತಕವನ್ನೂ ತಂದರು. ನಂಬಿಕೆಗಾಗಿ ನಿಜಕ್ಕೂ ಪ್ರಾಣ ತೆತ್ತವರ ಪಕ್ಕದಲ್ಲಿ ವೇದಿಕೆಯ ಗಾಯಕರು ನಿಂತಾಗ ಯಾಕೋ ಇರಿಸುಮುರಿಸಾಗುತ್ತದೆ. ಹಾಗೆಂದು ತನ್ನ ನಂಬಿಕೆ ಬಯಲಾದೀತೆಂದು ಅಂಜುವ ಶಾಲಾ ಹುಡುಗನ ಸಂಕಟ ಸುಳ್ಳಲ್ಲ. ಹದಿನೈದರ ವಯಸ್ಸಿನಲ್ಲಿ ಸಹಪಾಠಿಗಳ ಕಿಸಕ್ಕೆಂಬ ನಗುವಿಗಿಂತ ದೊಡ್ಡ ಶಿಕ್ಷೆ ಇನ್ನಾವುದಿದೆ?

ನಂಬಿಕೆಯನ್ನು ಸಾರಬೇಕೋ ಬಚ್ಚಿಡಬೇಕೋ ಎಂಬ ಎಳೆದಾಟ ಬೈಬಲಿನಲ್ಲೂ ಇದೆ. ಮತ್ತಾಯನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು, ಜನರ ಮುಂದೆ ತನ್ನನ್ನು ಒಪ್ಪಿಕೊಳ್ಳಬೇಕು ಎಂದು ಖಡಾಖಂಡಿತವಾಗಿ ಹೇಳುತ್ತಾನೆ. ಅದೇ ಸುವಾರ್ತೆಯ ಆರನೇ ಅಧ್ಯಾಯದಲ್ಲಿ, ಬೀದಿಯ ಮೂಲೆಯಲ್ಲಿ ನಿಂತು ನಾಲ್ಕು ಜನ ನೋಡಲೆಂದು ಪ್ರಾರ್ಥಿಸುವವರನ್ನು ಜರೆದು, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ ಎಂದಿದ್ದಾನೆ. ಅಂಜಿ ಅಡಗುವುದೂ ತಪ್ಪು, ಮೆರೆಯಲೆಂದು ಸಾರುವುದೂ ತಪ್ಪು. ಇವೆರಡರ ನಡುವಿನ ದಾರಿ ಬಲು ಕಿರಿದು. ರಾಕ್ ಸಂಗೀತಕ್ಕೆ ಆರನೇ ಅಧ್ಯಾಯ ಒಗ್ಗುವುದಿಲ್ಲ ಬಿಡಿ. ಬಾಗಿಲು ಮುಚ್ಚಿಕೊಂಡರೆ ಟಿಕೆಟ್ ಮಾರುವುದು ಹೇಗೆ?

2025ರ ಜೂನ್‌ನಲ್ಲಿ ತಂಡದ ಮೈಕಲ್ ಟೇಟ್ ಸಾರ್ವಜನಿಕವಾಗಿ ಬೇರೊಂದನ್ನು ಒಪ್ಪಿಕೊಳ್ಳಬೇಕಾಯಿತು. ಆತನ ಮೇಲಿನ ಆರೋಪಗಳು ಪತ್ರಿಕೆಗಳಲ್ಲಿ ಬಂದ ಬಳಿಕ, ವರ್ಷಗಟ್ಟಲೆ ಮದ್ಯ ಮತ್ತು ಮಾದಕವಸ್ತುಗಳಿಗೆ ದಾಸನಾಗಿದ್ದೆ, ಕೆಲವು ಗಂಡಸರೊಡನೆ ಅವರಿಗೆ ಬೇಡವಾದ ರೀತಿಯಲ್ಲಿ ನಡೆದುಕೊಂಡೆ ಎಂದು ಬರೆದ. ನಂಬಿಕೆಯನ್ನು ಸಾರಿದಾಗ ಸಿಕ್ಕಿದ್ದು ಚಪ್ಪಾಳೆ, ಈ ಮಾತಿಗೆ ಅದು ಸಿಗಲಿಲ್ಲ. ಹಾಡು ಇದರಿಂದ ಸುಳ್ಳಾಯಿತೆಂದು ನಾನು ಒಪ್ಪುವುದಿಲ್ಲ. ಅದರ ಪಲ್ಲವಿಯ ದಿಗಿಲು ಆಗಲೂ ಪ್ರಾಮಾಣಿಕವಾಗಿತ್ತು, ಈಗಲೂ ಹೌದು. ಮುಷ್ಟಿ ಬಿಗಿಹಿಡಿದು ಕುಣಿಸುವ ಆ ಅಬ್ಬರವನ್ನೇ ಧೈರ್ಯವೆಂದು ತಿಳಿದದ್ದು ಕೇಳುಗರ ತಪ್ಪು.